ರಾಜಿ ಮಾಡ್ಕೊಳ್ಳದೆ ಗೆಲ್ಲೋಕಾಗುತ್ತಾ? ಉಡುಪಿ ಜಿಲ್ಲೆಯ ಅನುಭವ ಹೇಳೋದೇನು

ಹೊಸ ಪಕ್ಷವೋ ಹೊಸ ಮುಖವೋ ಕಣಕ್ಕಿಳಿದಾಗ ಎರಡು ಮಾತು ಕೇಳಿಬರುತ್ತವೆ. ‘ಜನ ಒಳ್ಳೇವ್ರು, ಆದ್ರೆ ಗೆಲ್ಲಲ್ಲ.’ ‘ಗೆಲ್ಲಬೇಕಾದ್ರೆ ಸ್ವಲ್ಪ ಅಡ್ಜಸ್ಟ್ ಆಗ್ಬೇಕು.’ ತತ್ವ ಸಡಿಲಿಸಿದರೆ ವೋಟು ಬರುತ್ತೆ ಅನ್ನೋದು ಇದರ ಹಿಂದಿರುವ ಲೆಕ್ಕ. ಉಡುಪಿ ಸುತ್ತಮುತ್ತಲಿನ ಚುನಾವಣೆಗಳನ್ನು ನೋಡಿದರೆ ಈ ಲೆಕ್ಕ ಅಷ್ಟು ಸರಳವಾಗಿಲ್ಲ.

ಕಾಪು, 2018

ಅನುಪಮಾ ಶೆಣೈ ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕೂಡ್ಲಿಗಿಯಲ್ಲಿ ಡಿವೈಎಸ್‌ಪಿ ಆಗಿದ್ದವರು. 2016ರ ಜನವರಿಯಲ್ಲಿ ಅವರ ವರ್ಗಾವಣೆ ಆಯಿತು. ಸಚಿವರೊಬ್ಬರ ಫೋನ್ ಕರೆಯನ್ನು ಹೋಲ್ಡ್‌ನಲ್ಲಿ ಇಟ್ಟದ್ದೇ ಕಾರಣ ಅನ್ನುವ ಸುದ್ದಿ ಹಬ್ಬಿ, ಜನ ಪ್ರತಿಭಟಿಸಿ, ಆದೇಶ ವಾಪಸಾಯಿತು. ಅದೇ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. 2017ರಲ್ಲಿ ಭಾರತೀಯ ಜನಶಕ್ತಿ ಕಾಂಗ್ರೆಸ್ ಕಟ್ಟಿ, 2018ರಲ್ಲಿ ಕಾಪುವಿನಿಂದ ಸ್ಪರ್ಧಿಸಿದರು. ಗೆದ್ದದ್ದು ಬಿಜೆಪಿಯ ಲಾಲಾಜಿ ಮೆಂಡನ್, ಎರಡನೇ ಸ್ಥಾನ ಕಾಂಗ್ರೆಸ್‌ನ ವಿನಯ ಕುಮಾರ್ ಸೊರಕೆಗೆ. ಶೆಣೈ ಠೇವಣಿ ಉಳಿಯಲಿಲ್ಲ.

ಅವರು ರಾಜಿ ಆಗಲಿಲ್ಲ, ಅದಕ್ಕೇ ಸೋತರು ಅನ್ನಬಹುದಾ? ನನಗೆ ಹಾಗನ್ನಿಸಲ್ಲ. ಹೆಸರು ಬಂದದ್ದು ಕೂಡ್ಲಿಗಿಯಲ್ಲಿ, ವೋಟು ಕೇಳಿದ್ದು ಕಾಪುವಿನಲ್ಲಿ. ಒಂದು ವಿಧಾನಸಭಾ ಕ್ಷೇತ್ರ ಅಂದರೆ ಸುಮಾರು 200 ಮತಗಟ್ಟೆ. ಪ್ರತಿಯೊಂದರಲ್ಲೂ ಏಜೆಂಟ್ ಬೇಕು, ಮನೆಮನೆಗೆ ಹೋಗೋ ನಾಲ್ಕು ಜನ ಬೇಕು. ಹಿಂದಿನ ವರ್ಷ ಹುಟ್ಟಿದ ಪಕ್ಷಕ್ಕೆ ಅದು ಎಲ್ಲಿಂದ ಬರಬೇಕು?

ಹೆಸರೊಂದೇ ಸಾಕಾ?

ಉಡುಪಿಯ ಕೋಟದವರೇ ಆದ ಶಿವರಾಮ ಕಾರಂತರಿಗಿಂತ ದೊಡ್ಡ ಹೆಸರು ಬೇಕಾ? ಕೈಗಾ ಅಣುಸ್ಥಾವರ ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಆಗ ಅವರಿಗೆ 87 ವರ್ಷ, ಜ್ಞಾನಪೀಠ ಬಂದು 12 ವರ್ಷ ಆಗಿತ್ತು. ಸೋತರು. ಸ್ಥಾವರವೂ ಬಂತು.

ಸಿದ್ಧಾಂತದಲ್ಲಿ ನಾನೇ ಗಟ್ಟಿ ಅಂದರೆ? ಕಾರ್ಕಳದಲ್ಲಿ 2023ರಲ್ಲಿ ಪ್ರಮೋದ್ ಮುತಾಲಿಕ್ ಪಕ್ಷೇತರರಾಗಿ ನಿಂತು ಅದನ್ನೇ ಹೇಳಿದರು, ಭ್ರಷ್ಟಾಚಾರದ ಮಾತೂ ಎತ್ತಿದರು. ಸಿಕ್ಕಿದ್ದು 4,508 ವೋಟು. ಬಿಜೆಪಿಯ ಸುನಿಲ್ ಕುಮಾರ್ ಕಾಂಗ್ರೆಸ್ಸನ್ನು ಸೋಲಿಸಿದ ಅಂತರ 4,602. ಅಂದರೆ ಮುತಾಲಿಕ್ ಗೆಲ್ಲಲೂ ಇಲ್ಲ, ಫಲಿತಾಂಶ ತಿರುಗಿಸಲೂ ಇಲ್ಲ.

ಹಾಗಾದ್ರೆ ಗೆದ್ದವರು ಹೇಗೆ ಗೆದ್ದರು?

ಬ್ರಹ್ಮಾವರದಲ್ಲಿ ಕೆ. ಜಯಪ್ರಕಾಶ್ ಹೆಗ್ಡೆ 1999 ಮತ್ತು 2004ರಲ್ಲಿ ಪಕ್ಷೇತರರಾಗಿಯೇ ಗೆದ್ದರು. ಅದಕ್ಕೂ ಮೊದಲು 1994ರಲ್ಲಿ ಅಲ್ಲಿಂದಲೇ ಜನತಾದಳದ ಶಾಸಕರಾಗಿದ್ದರು. ಊರಲ್ಲಿ ಪರಿಚಯ, ಕೆಲಸ ಎರಡೂ ಇತ್ತು. 2008ರ ಮರುವಿಂಗಡಣೆಯಲ್ಲಿ ಬ್ರಹ್ಮಾವರ ಕ್ಷೇತ್ರವೇ ಇಲ್ಲವಾಯಿತು. ಆಮೇಲೆ ಅವರ ದಾರಿ ಕಾಂಗ್ರೆಸ್, ಬಿಜೆಪಿ, ಮತ್ತೆ ಕಾಂಗ್ರೆಸ್. ನೆಲ ಇದ್ದಾಗ ಪಕ್ಷ ಬೇಕಿರಲಿಲ್ಲ, ನೆಲ ಹೋದ ಮೇಲೆ ಪಕ್ಷವಿಲ್ಲದೆ ಆಗಲಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. 1968ರಲ್ಲಿ ಜನಸಂಘ ದಕ್ಷಿಣ ಭಾರತಕ್ಕೇ ಹೊರಗಿನ ಪಕ್ಷದಂತಿತ್ತು. ಆದರೂ ಉಡುಪಿ ಪುರಸಭೆ ಗೆದ್ದಿತು, ವೈದ್ಯ ವಿ.ಎಸ್. ಆಚಾರ್ಯ ಅಧ್ಯಕ್ಷರಾದರು. ಅವರ ಅವಧಿಯಲ್ಲಿ ಊರಿಗೆ ನೀರು ಬಂತು, ಮಲ ಹೊರುವ ಪದ್ಧತಿ ನಿಂತಿತು. ಕೇಂದ್ರ ಸರ್ಕಾರ ಅದಕ್ಕೊಂದು ಕಾನೂನು ತಂದಿದ್ದು 1993ರಲ್ಲಿ. ಅವರ ಸಿದ್ಧಾಂತ ಒಪ್ಪದವರೂ ನಲ್ಲಿ ನೀರು ಕುಡಿದರು. ಆಚಾರ್ಯರು 1983ರಲ್ಲಿ ಶಾಸಕರಾದಾಗ ಅವರ ಪಕ್ಷ ಜನತಾ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟಿತ್ತು, 2006ರಲ್ಲಿ ಜೆಡಿಎಸ್ ಜೊತೆ ಅಧಿಕಾರ ಹಂಚಿಕೊಂಡಿತು. ರಾಜಿ ಖಂಡಿತ ಇತ್ತು. ಆದರೆ ಅದು ಬಂದಿದ್ದು ನೆಲ ಗಟ್ಟಿಯಾದ ಮೇಲೆ.

ರಾಜಿ ಅಂದರೆ ಯಾವುದು?

ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಪದದಲ್ಲಿ ಹೇಳ್ತೀವಿ.

• ಯಾವ ವಿಷಯ ಮೊದಲು ಎತ್ತಬೇಕು ಅನ್ನೋದು. ಭ್ರಷ್ಟಾಚಾರದ ಭಾಷಣಕ್ಕಿಂತ ಮೊದಲು ಕಡಲ್ಕೊರೆತದ ಬಗ್ಗೆ ಮಾತಾಡೋದು ರಾಜಿ ಅಲ್ಲ, ಕೇಳಿಸಿಕೊಳ್ಳೋದು.

• ಯಾರ ಜೊತೆ ಕೈಜೋಡಿಸಬೇಕು ಅನ್ನೋದು. ಇದು ನಿಜವಾದ ರಾಜಿ. ನಿಮ್ಮ ಕೈಲಿ ಸೀಟು ಇದ್ದರೆ ಷರತ್ತು ನಿಮ್ಮದು, ಇಲ್ಲದಿದ್ದರೆ ಅವರದು.

• ರಾಜಕೀಯಕ್ಕೆ ಬಂದ ಕಾರಣವನ್ನೇ ಬಿಡೋದು. ದುಡ್ಡು ಹಂಚಲ್ಲ ಅಂತ ಬಂದವರು ಹಂಚಿದರೆ, ಅದೇ ಕೆಲಸವನ್ನು ಅವರಿಗಿಂತ ಚೆನ್ನಾಗಿ ಮಾಡುವವರು ಆಗಲೇ ಇದ್ದಾರೆ. ವೋಟು ಅವರಿಗೇ ಹೋಗುತ್ತೆ.

ಹಾಗಾಗಿ ‘ರಾಜಿ ಆಗಬೇಕಾ?’ ಅನ್ನುವ ಪ್ರಶ್ನೆಯನ್ನು ಚುನಾವಣೆಗೆ ಮೂರು ತಿಂಗಳಿರುವಾಗ ಕೇಳಿ ಪ್ರಯೋಜನವಿಲ್ಲ. ನೆಲ ಇಲ್ಲದವರ ಹತ್ತಿರ ಮಾರಲಿಕ್ಕೂ ಏನಿರಲ್ಲ. ನಿಮ್ಮೂರಲ್ಲಿ ಪ್ರಾಮಾಣಿಕ ಅಭ್ಯರ್ಥಿ ವಿಧಾನಸಭೆಗೆ ಹೊರಟರೆ ಅವರನ್ನೊಂದು ಮಾತು ಕೇಳಿ: ಕಳೆದ ಪಂಚಾಯತ್ ಚುನಾವಣೆಯಲ್ಲಿ ಎಲ್ಲಿದ್ರಿ? ಆಮೇಲೆ ಅದೇ ಪ್ರಶ್ನೆ ನಮಗೂ ಇದೆ. ಒಳ್ಳೆಯವರು ಗೆಲ್ಲಲ್ಲ ಅಂತ ಹೇಳುವ ನಾವು ಯಾವತ್ತಾದರೂ ಅವರ ಬೂತ್ ಏಜೆಂಟ್ ಆಗಿ ಕೂತಿದ್ದೀವಾ?