ದಾವಣಗೆರೆ ಎಕ್ಸ್‌ಪ್ರೆಸ್ ನಂತರ: ಕರ್ನಾಟಕ ತಂಡದ ಯುವ ಆಟಗಾರರು ಮತ್ತು ವೇಗದ ಬೌಲಿಂಗ್

ರಣಜಿ ಟ್ರೋಫಿ ಕ್ರಿಕೆಟ್ ಪಂದ್ಯಾವಳಿಯಲ್ಲಿ ಕರ್ನಾಟಕ ತಂಡವು 1973-74ರಿಂದ 2014-15ರವರೆಗಿನ ಅವಧಿಯಲ್ಲಿ ಎಂಟು ಬಾರಿ ಪ್ರಶಸ್ತಿ ಗಳಿಸಿತು. ಇವುಗಳ ಪೈಕಿ 2013-14 ಮತ್ತು 2014-15ರ ಪ್ರಶಸ್ತಿಗಳು ಬೆನ್ನುಬೆನ್ನಿಗೆ ಬಂದಂಥವು. ಎರಡೂ ಸಲ ತಂಡವನ್ನು ಮುನ್ನಡೆಸಿದವರು ದಾವಣಗೆರೆಯ ಮಧ್ಯಮ ವೇಗದ ಬೌಲರ್ ಆರ್. ವಿನಯ್ ಕುಮಾರ್. ಅನಂತರದ ಹತ್ತು ವರ್ಷಗಳಲ್ಲಿ, ಅಂದರೆ 2024-25ರ ಸಾಲು ಮುಗಿಯುವವರೆಗೆ, ಒಂಬತ್ತನೆಯ ಪ್ರಶಸ್ತಿ ಬರಲಿಲ್ಲ. ಕೋವಿಡ್ ನಿಮಿತ್ತ 2020-21ರಲ್ಲಿ ಪಂದ್ಯಾವಳಿಯೇ ನಡೆಯಲಿಲ್ಲವೆಂಬುದನ್ನು ಕಳೆದರೂ ಒಂಬತ್ತು ಅವಕಾಶಗಳು ಕೈತಪ್ಪಿದವು.

ಇದಕ್ಕೆ ಕಾರಣವೇನೆಂದು ಹರಿಹರದ ಬಸ್ ನಿಲ್ದಾಣದ ಬಳಿಯ ಯಾವ ಚಹದಂಗಡಿಯಲ್ಲಿ ಕೇಳಿದರೂ ಎರಡು ಉತ್ತರಗಳು ಸಿದ್ಧವಿರುತ್ತವೆ. ಒಳ್ಳೆಯ ಬ್ಯಾಟ್ಸ್‌ಮನ್‌ಗಳನ್ನೆಲ್ಲ ಭಾರತ ತಂಡ ಕರೆದೊಯ್ಯುತ್ತದೆ ಎಂಬುದು ಒಂದು. ಐಪಿಎಲ್ ಹುಡುಗರನ್ನು ಕೆಡಿಸಿತು ಎಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯಾಂಶವಿದೆ. ಆದರೆ ಗುತ್ತೂರಿನಲ್ಲಿ ಕುಳಿತು ಎರಡು ದಶಕಗಳಿಂದ ಈ ತಂಡದ ಅಂಕಪಟ್ಟಿಗಳನ್ನು ಓದುತ್ತ ಬಂದಿರುವ ಈ ಲೇಖಕನ ಅಭಿಪ್ರಾಯದಲ್ಲಿ ಕೊರತೆ ಇರುವುದು ಬೇರೊಂದೆಡೆ. ಪಂದ್ಯದ ನಾಲ್ಕನೆಯ ಇನಿಂಗ್ಸ್‌ನಲ್ಲಿ, ಹಳೆಯ ಚೆಂಡಿನಿಂದ, ದಣಿದ ಮೈಯಲ್ಲಿ ಕೊನೆಯ ಐದಾರು ವಿಕೆಟ್‌ಗಳನ್ನು ಉರುಳಿಸಬಲ್ಲ ಬೌಲಿಂಗ್ ನಮ್ಮಲ್ಲಿ ಕ್ಷೀಣಿಸಿತು.

ವೇಗವಿಲ್ಲದ ಎಕ್ಸ್‌ಪ್ರೆಸ್

ವಿನಯ್ ಕುಮಾರ್ ಜನಿಸಿದ್ದು 1984ರ ಫೆಬ್ರವರಿ 12ರಂದು, ದಾವಣಗೆರೆಯಲ್ಲಿ. 2004-05ರ ಸಾಲಿನಲ್ಲಿ ರಾಜ್ಯ ತಂಡಕ್ಕೆ ಪದಾರ್ಪಣೆ ಮಾಡಿದರು. ಅಭಿಮಾನಿಗಳು ಅವರಿಗೆ ಇಟ್ಟ ಹೆಸರು ‘ದಾವಣಗೆರೆ ಎಕ್ಸ್‌ಪ್ರೆಸ್’. ಹೆಸರಿನಲ್ಲಿ ಅಭಿಮಾನ ಎಷ್ಟಿದೆಯೋ ಉತ್ಪ್ರೇಕ್ಷೆಯೂ ಅಷ್ಟೇ ಇದೆ. ಅವರ ಎಸೆತಗಳ ವೇಗ ಗಂಟೆಗೆ 130 ಕಿ.ಮೀ.ಗಳ ಆಸುಪಾಸಿನಲ್ಲಿರುತ್ತಿತ್ತು, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಎಲ್ಲ ನಿಲ್ದಾಣಗಳಲ್ಲಿಯೂ ನಿಂತು ಹೋಗುವ ಪ್ಯಾಸೆಂಜರ್ ಗಾಡಿ. ಆದರೆ ಆ ಗಾಡಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆಫ್ ಸ್ಟಂಪಿನ ಹೊರಗೆ ಒಂದೇ ಜಾಗದಲ್ಲಿ ಚೆಂಡನ್ನು ಪುಟಿಸುವುದು, ಹೊಸ ಚೆಂಡಾದರೆ ಹೊರಕ್ಕೆ ಸ್ವಿಂಗ್ ಮಾಡುವುದು, ಹಳತಾದ ಮೇಲೆ ಬೆರಳು ಉಜ್ಜಿ ಕಟರ್‌ಗಳಿಗೆ ತಿರುಗುವುದು, ಬ್ಯಾಟ್ಸ್‌ಮನ್‌ನ ತಾಳ್ಮೆ ತನಗಿಂತ ಮೊದಲು ಮುಗಿಯುವವರೆಗೆ ಕಾಯುವುದು: ಇಷ್ಟೇ ಅವರ ವಿದ್ಯೆ. ಈ ವಿದ್ಯೆಯಿಂದ ಅವರು 139 ಪ್ರಥಮ ದರ್ಜೆ ಪಂದ್ಯಗಳಲ್ಲಿ 504 ವಿಕೆಟ್ ಗಳಿಸಿದರು. ಅವುಗಳಲ್ಲಿ 442 ರಣಜಿ ಟ್ರೋಫಿಯಲ್ಲಿಯೇ ಬಂದವು.

ಈ ವಿದ್ಯೆಗೆ ಮಿತಿ ಇಲ್ಲವೆಂದು ವಾದಿಸುವುದು ಅಂಧಾಭಿಮಾನವಾದೀತು. ಭಾರತದ ಪರ ವಿನಯ್ ಆಡಿದ್ದು ಒಂದೇ ಟೆಸ್ಟ್, 2012ರ ಜನವರಿಯಲ್ಲಿ ಪರ್ತ್‌ನಲ್ಲಿ. ಆಡಿದ 31 ಏಕದಿನ ಪಂದ್ಯಗಳಲ್ಲಿ 38 ವಿಕೆಟ್‌ಗಳು. ಕೊನೆಯ ಏಕದಿನ ಪಂದ್ಯ ನಡೆದದ್ದು 2013ರ ನವೆಂಬರ್ 2ರಂದು ಬೆಂಗಳೂರಿನಲ್ಲಿ, ಆಸ್ಟ್ರೇಲಿಯಾ ವಿರುದ್ಧ. ರೋಹಿತ್ ಶರ್ಮಾ 209 ರನ್ ಹೊಡೆದ ಆ ಪಂದ್ಯದಲ್ಲಿ ವಿನಯ್ ಒಂಬತ್ತು ಓವರ್‌ಗಳಲ್ಲಿ 102 ರನ್ ಕೊಟ್ಟರು. ಚಿನ್ನಸ್ವಾಮಿ ಕ್ರೀಡಾಂಗಣದ ಚಿಕ್ಕ ಗಡಿ, ಪುಟಿಯದ ಪಿಚ್, 130ರ ವೇಗ: ಮೂರೂ ಕೂಡಿದರೆ ಆಗುವುದೇ ಅದು. ಆ ರಾತ್ರಿ ಟಿವಿ ಆರಿಸಿ ಮಲಗಿದವರಲ್ಲಿ ಈ ಲೇಖಕನೂ ಒಬ್ಬ.

ಅದೇ ಬೌಲರ್ ಮೂರು ತಿಂಗಳ ತರುವಾಯ, 2014ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಮಣಿಸಿದ ತಂಡದ ನಾಯಕನಾಗಿ ರಣಜಿ ಟ್ರೋಫಿಯನ್ನು ಎತ್ತಿಹಿಡಿದರು. ಮುಂದಿನ ವರ್ಷದ ಮಾರ್ಚ್‌ನಲ್ಲಿ ಮುಂಬೈನ ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧ ಫೈನಲ್. ವಿನಯ್ 34 ರನ್‌ಗಳಿಗೆ ಐದು ವಿಕೆಟ್ ಕಿತ್ತು ಎದುರಾಳಿಗಳನ್ನು 134ಕ್ಕೆ ಕಟ್ಟಿಹಾಕಿದರು. ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188, ಕೆಳ ಕ್ರಮಾಂಕದಲ್ಲಿ ಬಂದ ವಿನಯ್ ಔಟಾಗದೆ 105. ಇನಿಂಗ್ಸ್ ಮತ್ತು 217 ರನ್‌ಗಳ ಗೆಲುವು. ಕರುಣ್ ಅವರ ತ್ರಿಶತಕವನ್ನು ಎಲ್ಲರೂ ನೆನೆಯುತ್ತಾರೆ; ಪಂದ್ಯದ ದಿಕ್ಕು ನಿರ್ಧಾರವಾದದ್ದು ಮಾತ್ರ ಆ ಮೊದಲ ದಿನದ 134ರಲ್ಲಿ.

ಆಗಿನ ಬೌಲಿಂಗ್ ಪಡೆಯ ರಚನೆಯನ್ನೂ ಗಮನಿಸಬೇಕು. ವಿನಯ್ ಅವರ ಜೊತೆಗೆ ಎತ್ತರದ, ಬಲವಾಗಿ ಪುಟಿಸುವ ಅಭಿಮನ್ಯು ಮಿಥುನ್, ಎಡಗೈ ಬೌಲರ್ ಎಸ್. ಅರವಿಂದ್ ಇದ್ದರು. ಮೂವರದೂ ಮೂರು ಬಗೆ. ಮಿಥುನ್ ಕಥೆಯಂತೂ ವಿಶೇಷವಾದದ್ದು. ಡಿಸ್ಕಸ್ ಎಸೆಯುತ್ತಿದ್ದ ಅವರು ಹದಿನೇಳರ ವಯಸ್ಸಿನವರೆಗೆ ಚರ್ಮದ ಚೆಂಡಿನಲ್ಲಿ ಬೌಲ್ ಮಾಡಿದವರೇ ಅಲ್ಲ. 2009ರ ನವೆಂಬರಿನಲ್ಲಿ ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ಆಡಿದ ಮೊದಲ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಸಹಿತ 11 ವಿಕೆಟ್ ಪಡೆದರು. ಆ ಸಾಲಿನಲ್ಲಿ ಅವರು ಗಳಿಸಿದ್ದು 47 ವಿಕೆಟ್. ಅಷ್ಟಾಗಿಯೂ 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಂಬೈ ಎದುರು ಆರೇ ಆರು ರನ್‌ಗಳ ಸೋಲು. 338ರ ಗುರಿ ಬೆನ್ನಟ್ಟಿ 331ಕ್ಕೆ ನಿಂತ ಆ ದಿನ ಮನೀಶ್ ಪಾಂಡೆ ಬಾರಿಸಿದ 144 ರನ್‌ಗಳನ್ನು ಮರೆಯಲಾಗದು. ಆ ಸೋಲಿನಲ್ಲಿ ಬೌಲರ್‌ಗಳ ತಪ್ಪಿಲ್ಲ; ಮುಂಬೈಯನ್ನು ಎರಡೂ ಸರದಿಗಳಲ್ಲಿ 240ರೊಳಗೆ ಅವರು ಕಟ್ಟಿಹಾಕಿದ್ದರು.

ಕೈಜಾರಿದ ಪಂದ್ಯಗಳು

2017ರ ಡಿಸೆಂಬರ್ ತಿಂಗಳು ದಾವಣಗೆರೆಯವರ ಪಾಲಿಗೆ ಸಿಹಿ ಕಹಿ ಎರಡನ್ನೂ ತಂದಿತು. ನಾಗಪುರದ ಕ್ವಾರ್ಟರ್ ಫೈನಲ್‌ನ ಮೊದಲ ಬೆಳಿಗ್ಗೆಯೇ ವಿನಯ್ ಹ್ಯಾಟ್ರಿಕ್ ಸಾಧಿಸಿ, 34 ರನ್‌ಗಳಿಗೆ ಆರು ವಿಕೆಟ್ ಕಬಳಿಸಿ, ಮುಂಬೈಯನ್ನು 173ಕ್ಕೆ ಇಳಿಸಿದರು. ಕರ್ನಾಟಕಕ್ಕೆ ಇನಿಂಗ್ಸ್ ಮತ್ತು 20 ರನ್‌ಗಳ ಗೆಲುವು. ಅದಾದ ಬಳಿಕ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ವಿದರ್ಭದ ವಿರುದ್ಧ 116 ರನ್‌ಗಳ ಮುನ್ನಡೆ ದೊರೆಯಿತು. ಅಲ್ಲಿಂದ ಎದುರಾಳಿಗಳು ಎರಡನೆಯ ಸರದಿಯಲ್ಲಿ 313 ಗಳಿಸಿದರು. ಅದರಲ್ಲಿ 81 ರನ್ ಹೊಡೆದವರು ಗಣೇಶ್ ಸತೀಶ್. ಅವರೂ ದಾವಣಗೆರೆಯಲ್ಲಿ ಹುಟ್ಟಿದವರು, ಕರ್ನಾಟಕಕ್ಕೆ ಆಡಿ ಅನಂತರ ವಿದರ್ಭಕ್ಕೆ ಹೋದವರು! ಒಂದೇ ಊರಿನವನು ಚೆಂಡು ಎಸೆಯುವುದು, ಅದೇ ಊರಿನವನು ಅದನ್ನು ತಡೆಯುವುದು; ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದ ಸ್ಥಿತಿ. 198ರ ಗುರಿಯೆದುರು ಕರ್ನಾಟಕ 192ಕ್ಕೆ ಆಲೌಟ್ ಆಯಿತು. ಐದು ರನ್‌ಗಳ ಸೋಲು. ಆ ವರ್ಷವೂ ಮರುವರ್ಷವೂ ವಿದರ್ಭವೇ ಚಾಂಪಿಯನ್.

ಅನಂತರದ ನಿರ್ಗಮನಗಳಲ್ಲಿ ಮೂರು ಒಂದೇ ಅಚ್ಚಿನವು. 2019ರ ಜನವರಿಯಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಸೌರಾಷ್ಟ್ರಕ್ಕೆ 279ರ ಗುರಿ. 23 ರನ್‌ಗಳಿಗೆ ಮೂರು ವಿಕೆಟ್ ಬಿದ್ದವು. ಆಮೇಲೆ ಚೇತೇಶ್ವರ ಪೂಜಾರ ಔಟಾಗದೆ 131, ಶೆಲ್ಡನ್ ಜಾಕ್ಸನ್ 100 ಗಳಿಸಿ ಪಂದ್ಯವನ್ನು ಐದು ವಿಕೆಟ್‌ಗಳಿಂದ ಕಸಿದುಕೊಂಡರು. ಅಂಪೈರ್ ತೀರ್ಪುಗಳ ಬಗ್ಗೆ ಆಗ ಎದ್ದ ಕೋಲಾಹಲವನ್ನು ಓದುಗರು ಮರೆತಿರಲಾರರು. ಅದಕ್ಕೆ ಕಾರಣವೂ ಇತ್ತು. ಆದರೆ ಐದನೆಯ ದಿನದವರೆಗೂ ಒಂದು ಜೋಡಿಯನ್ನು ಮುರಿಯಲಾಗದ ಬೌಲಿಂಗ್ ಪಡೆಯ ಬಗ್ಗೆ ಅಷ್ಟು ಚರ್ಚೆ ನಡೆಯಲಿಲ್ಲ. ವಿನಯ್ ಸ್ವತಃ ಆ ಪಂದ್ಯದಲ್ಲಿದ್ದರು, ಆಗ ಅವರಿಗೆ ಮೂವತ್ತೈದರ ಹೊಸ್ತಿಲು. 2022ರಲ್ಲಿ ಆಲೂರಿನ ಕ್ವಾರ್ಟರ್ ಫೈನಲ್‌ನಲ್ಲಿ ಉತ್ತರ ಪ್ರದೇಶಕ್ಕೆ 213ರ ಗುರಿ; ಮತ್ತೆ ಐದು ವಿಕೆಟ್ ಸೋಲು. ಇಲ್ಲಿ 114ಕ್ಕೆ ಕುಸಿದ ನಮ್ಮ ಬ್ಯಾಟ್ಸ್‌ಮನ್‌ಗಳೂ ಪಾಲುದಾರರು. 2023ರ ಸೆಮಿಫೈನಲ್‌ನಲ್ಲಿ ಮಯಂಕ್ ಅಗರವಾಲ್ 249 ರನ್ ಹೊಡೆದ ಮೇಲೂ ಸೌರಾಷ್ಟ್ರ 527 ಪೇರಿಸಿತು. 407ರಷ್ಟು ಮೊತ್ತ ಕಲೆಹಾಕಿದ ತಂಡ ತನ್ನದೇ ನೆಲದಲ್ಲಿ 120 ರನ್‌ಗಳ ಹಿನ್ನಡೆ ಅನುಭವಿಸಿತೆಂದರೆ ಅಂಕಪಟ್ಟಿಯಲ್ಲಿ ಹುಡುಕಬೇಕಾದ್ದು ಬ್ಯಾಟಿಂಗ್ ಪುಟವನ್ನಲ್ಲ.

ಈಗಿನ ಹುಡುಗರು

ಯುವ ಪ್ರತಿಭೆಗಳಿಗೆ ಬರವಿದೆಯೆಂದು ಯಾರೂ ಹೇಳಲಾರರು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪಂಜಾಬ್ ತಂಡವನ್ನು 55 ರನ್‌ಗಳಿಗೆ ಉರುಳಿಸಿದ್ದು ಇದೇ ಹೊಸ ಪೀಳಿಗೆ. ಅದೇ ಪಂದ್ಯದಲ್ಲಿ ಎಡಗೈ ಬ್ಯಾಟ್ಸ್‌ಮನ್ ಆರ್. ಸ್ಮರಣ್ 203 ರನ್ ಗಳಿಸಿದರು. ಅದಕ್ಕೆ ಕೆಲವೇ ದಿನಗಳ ಹಿಂದೆ ವಡೋದರದಲ್ಲಿ ವಿಜಯ್ ಹಜಾರೆ ಟ್ರೋಫಿ ಫೈನಲ್‌ನಲ್ಲಿ ವಿದರ್ಭದ ವಿರುದ್ಧ ಅವರ ಶತಕವೇ ಕಪ್ಪು ತಂದಿತ್ತು. ಆದರೂ ಆ ಸಾಲಿನ ರಣಜಿಯಲ್ಲಿ ಕೇರಳ ಮತ್ತು ಹರಿಯಾಣ ಮುಂದೆ ಹೋದವು, ಕರ್ನಾಟಕ ನಾಕೌಟ್ ಹಂತವನ್ನೇ ತಲುಪಲಿಲ್ಲ. ಐವತ್ತು ಓವರ್‌ಗಳ ಆಟದಲ್ಲಿ ಪ್ರಶಸ್ತಿ, ನಾಲ್ಕು ದಿನಗಳ ಆಟದಲ್ಲಿ ನಿರ್ಗಮನ. ಮಳೆಯೂ ಸ್ವಲ್ಪ ಅಂಕ ತಿಂದಿತ್ತು, ನಿಜ.

ಬೌಲರ್‌ಗಳಲ್ಲಿ ಎತ್ತರದ ಸ್ಥಾನ ಪ್ರಸಿದ್ಧ ಕೃಷ್ಣ ಅವರದು. 2015ರಲ್ಲಿ ಮೈಸೂರಿನಲ್ಲಿ ಬಾಂಗ್ಲಾದೇಶ ‘ಎ’ ವಿರುದ್ಧ ಆಡಿದ ಪ್ರಥಮ ದರ್ಜೆಯ ಮೊದಲ ಪಂದ್ಯದಲ್ಲಿಯೇ ಐದು ವಿಕೆಟ್ ಪಡೆದವರು. 2022ರಲ್ಲಿ ಬೆನ್ನಿನ ಮೂಳೆಯ ಬಿರುಕಿನಿಂದಾಗಿ ಸುಮಾರು ಒಂದು ವರ್ಷ ಮೈದಾನದಿಂದ ದೂರವುಳಿದರು. ವೇಗಕ್ಕೆ ದೇಹ ತೆರುವ ತೆರಿಗೆ ಅದು. 2025ರ ಆಗಸ್ಟ್‌ನಲ್ಲಿ ಓವಲ್ ಟೆಸ್ಟ್‌ನ ಎರಡೂ ಸರದಿಗಳಲ್ಲಿ ನಾಲ್ಕು ನಾಲ್ಕು ವಿಕೆಟ್ ಗಳಿಸಿದರು, ಭಾರತ ಗೆದ್ದದ್ದು ಆರು ರನ್‌ಗಳಿಂದ. ಮೈಸೂರಿನಲ್ಲಿ ನಮ್ಮನ್ನು ಅಳಿಸಿದ ಅದೇ ಆರು! ನಾಲ್ಕನೆಯ ಸರದಿಯ ಬೌಲಿಂಗ್ ಎಂದರೆ ಇದೇ. ಆದರೆ ಭಾರತ ತಂಡದ ಬೌಲರ್ ರಾಜ್ಯಕ್ಕೆ ಲಭ್ಯವಾಗುವುದು ವರ್ಷದಲ್ಲಿ ಒಂದೋ ಎರಡೋ ಪಂದ್ಯಗಳಿಗೆ ಮಾತ್ರ.

ಈ ಲೇಖಕನಿಗೆ ಹೆಚ್ಚು ಭರವಸೆ ಮೂಡಿಸಿದ ಬೌಲರ್ ಕೊಡಗಿನ ವಿದ್ವತ್ ಕಾವೇರಪ್ಪ. 2023ರ ಜುಲೈನಲ್ಲಿ ದುಲೀಪ್ ಟ್ರೋಫಿ ಫೈನಲ್‌ನಲ್ಲಿ ದಕ್ಷಿಣ ವಲಯದ ಪರವಾಗಿ ಪಶ್ಚಿಮ ವಲಯದ ಏಳು ವಿಕೆಟ್‌ಗಳನ್ನು 53 ರನ್‌ಗಳಿಗೆ ಪಡೆದು ಪಂದ್ಯಶ್ರೇಷ್ಠರಾದರು. ಚೆಂಡನ್ನು ಮೇಲಕ್ಕೆ ಹಾಕಲು ಹೆದರದ, ಬೌಂಡರಿ ಹೋದರೂ ಉದ್ದವನ್ನು ಬದಲಿಸದ ಅವರ ಸ್ವಭಾವ ವಿನಯ್ ಅವರನ್ನು ನೆನಪಿಗೆ ತರುತ್ತದೆ. ಇಂಥವರನ್ನು ಆಯ್ಕೆದಾರರು ಎರಡು ಪಂದ್ಯ ಆಡಿಸಿ ಮೂರನೆಯದಕ್ಕೆ ಕೂರಿಸಬಾರದು. ಬೆಳಗಾವಿಯ ರೋನಿತ್ ಮೋರೆ 2019ರ ಆ ಸೆಮಿಫೈನಲ್‌ನ ಮೊದಲ ಸರದಿಯಲ್ಲಿ ಆರು ವಿಕೆಟ್ ಪಡೆದಿದ್ದರೆಂಬುದು ಈಗ ಎಷ್ಟು ಜನರಿಗೆ ನೆನಪಿದೆ?

ಎರಡು ಓವರ್‌ಗಳ ಶಾಲೆ

ದಾವಣಗೆರೆ, ಕೊಡಗು, ಬೆಳಗಾವಿ. ಹೆಸರುಗಳನ್ನು ಓದಿದರೆ ಬೆಂಗಳೂರಿನ ಹೊರಗಿನ ಊರುಗಳೂ ಬೌಲರ್‌ಗಳನ್ನು ಕೊಡಬಲ್ಲವೆಂಬುದು ಸ್ಪಷ್ಟ. ಗದಗದ ಸುನಿಲ್ ಜೋಶಿ ಬಾಲ್ಯದಲ್ಲಿ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಹೋಗಿಬಂದು ಶಾಲೆಗೆ ಹಾಜರಾಗುತ್ತಿದ್ದವರು. ಪ್ರಥಮ ದರ್ಜೆಯಲ್ಲಿ 615 ವಿಕೆಟ್ ಗಳಿಸಿದರು. ಈಗ ಪ್ರಶ್ನೆ ಇರುವುದು ದೂರದ್ದಲ್ಲ, ಆಟದ ಬಗೆಯದು.

ಗುತ್ತೂರಿನಲ್ಲಿ ಭತ್ತದ ಕೊಯ್ಲಾದ ಮೇಲೆ ಗದ್ದೆಗಳಲ್ಲಿ, ಬೇಸಿಗೆಯಲ್ಲಿ ತುಂಗಭದ್ರೆಯ ದಂಡೆಯ ಬಯಲಿನಲ್ಲಿ ಹುಡುಗರು ಆಡುವುದು ಟೆನಿಸ್ ಚೆಂಡಿನ ಕ್ರಿಕೆಟ್. ದಾವಣಗೆರೆಯ ಹೊನಲು-ಬೆಳಕಿನ ಪಂದ್ಯಾವಳಿಗಳಿಗೆ ಸೇರುವ ಜನಸ್ತೋಮವನ್ನು ಕಂಡರೆ ಬೆರಗಾಗುತ್ತದೆ. ಆದರೆ ಅಲ್ಲಿ ಪಂದ್ಯವೇ ಆರೆಂಟು ಓವರ್‌ಗಳದು. ಒಬ್ಬ ಬೌಲರ್‌ಗೆ ಸಿಗುವುದು ಎರಡು ಓವರ್, ಹೆಚ್ಚೆಂದರೆ ಮೂರು. ಆ ಹನ್ನೆರಡು ಎಸೆತಗಳಲ್ಲಿ ಯಾರ್ಕರ್, ನಿಧಾನದ ಎಸೆತ, ಬ್ಯಾಟ್ಸ್‌ಮನ್‌ನನ್ನು ಏಮಾರಿಸುವ ಜಾಣ್ಮೆ ಎಲ್ಲವನ್ನೂ ಹುಡುಗ ಕಲಿಯುತ್ತಾನೆ. ಹನ್ನೆರಡನೆಯ ಓವರಿನಲ್ಲಿಯೂ ಮೊದಲ ಓವರಿನ ಜಾಗಕ್ಕೇ ಚೆಂಡು ಹಾಕುವುದನ್ನು ಕಲಿಯಲು ಅವನಿಗೆ ಅವಕಾಶವೇ ಇಲ್ಲ. ಚರ್ಮದ ಚೆಂಡಿನ ತೂಕ 156ರಿಂದ 163 ಗ್ರಾಂ. ಟೆನಿಸ್ ಚೆಂಡಿನದು ಅರವತ್ತು ಗ್ರಾಂ ಕೂಡ ಇಲ್ಲ. ಭುಜ, ಸೊಂಟ, ಮುಂಗಾಲು ಈ ವ್ಯತ್ಯಾಸಕ್ಕೆ ಹೊಂದಿಕೊಳ್ಳಲು ವರ್ಷಗಳೇ ಬೇಕು. ಮಿಥುನ್ ಹದಿನೇಳಕ್ಕೆ ಆರಂಭಿಸಿಯೂ ಗೆದ್ದರು ಎಂಬ ಮಾತನ್ನು ಹುಡುಗರಿಗೆ ಸಮಾಧಾನವಾಗಿ ಹೇಳಬಹುದು, ನಿಯಮವೆಂದು ಹೇಳಬಾರದು.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯ ವ್ಯವಸ್ಥೆಯಲ್ಲಿ ದಾವಣಗೆರೆ ಜಿಲ್ಲೆ ತುಮಕೂರು ವಲಯಕ್ಕೆ ಸೇರಿದೆ. ವಲಯ ಮಟ್ಟದ ಲೀಗ್‌ನಲ್ಲಿ ಎರಡು ದಿನಗಳ ಪಂದ್ಯಗಳು ಹೆಚ್ಚಬೇಕು. ಹದಿನಾರರಿಂದ ಹತ್ತೊಂಬತ್ತರ ವಯೋಮಾನದ ಬೌಲರ್‌ಗಳನ್ನು ಆರಿಸುವಾಗ ಹೊಸ ಚೆಂಡಿನ ಮೊದಲ ಐದು ಓವರ್‌ಗಳ ಬದಲು ಐವತ್ತು ಓವರ್ ಹಳೆಯದಾದ ಚೆಂಡಿನಲ್ಲಿ ಅವರು ಏನು ಮಾಡುತ್ತಾರೆಂಬುದನ್ನು ನೋಡಬೇಕು. ಇದಕ್ಕೆ ದೊಡ್ಡ ಕ್ರೀಡಾಂಗಣ ಬೇಕಿಲ್ಲ, ಚೆನ್ನಾಗಿ ಕಾಯ್ದುಕೊಂಡ ಎರಡು ಟರ್ಫ್ ಪಿಚ್‌ಗಳು ಮತ್ತು ಬೇಕಾದಷ್ಟು ಚೆಂಡುಗಳು ಸಾಕು. ಟಿ20 ಲೀಗ್ ಬಂದರೆ ಊರಿಗೆ ಎಲ್ಲವೂ ಬರುತ್ತದೆಂಬ ನಂಬಿಕೆಯನ್ನು ನಾವು ಒಮ್ಮೆ ಪರೀಕ್ಷಿಸಿ ನೋಡಿದ್ದೇವೆ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ದಾವಣಗೆರೆ ಡೈಮಂಡ್ಸ್ ಎಂಬ ತಂಡವಿತ್ತು. 2014ರಲ್ಲಿ ಲೀಗ್ ಪುನರಾರಂಭವಾದಾಗ ಆ ಹೆಸರು ಇರಲಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಆರು ತಂಡಗಳೊಂದಿಗೆ ಶುರುವಾದಾಗಲೂ ಇರಲಿಲ್ಲ.

ವಿನಯ್ ಕುಮಾರ್ 2019ರಲ್ಲಿ ಕರ್ನಾಟಕವನ್ನು ಬಿಟ್ಟು ಪುದುಚೇರಿ ಸೇರಿದರು, 2021ರ ಫೆಬ್ರವರಿಯಲ್ಲಿ ನಿವೃತ್ತಿ ಘೋಷಿಸಿದರು. ಅನಂತರ ಮುಂಬೈ ಇಂಡಿಯನ್ಸ್ ಸಂಸ್ಥೆಗಾಗಿ ದೇಶದ ಮೂಲೆಮೂಲೆಗಳಲ್ಲಿ ಹೊಸ ಆಟಗಾರರನ್ನು ಹುಡುಕುವ ತಂಡಕ್ಕೆ ಸೇರಿದರು. ಆ ಹುಡುಕಾಟದ ದಾರಿಯಲ್ಲಿ ಹರಿಹರದ ಸೇತುವೆ ದಾಟುವಾಗ ಎಡಬಲಗಳ ಗದ್ದೆಗಳತ್ತ ಅವರು ಒಮ್ಮೆ ಕಣ್ಣು ಹಾಯಿಸಿದರೆ, ಎರಡು ಓವರ್ ಮುಗಿಸಿ ಬೌಂಡರಿ ಗೆರೆಯ ಬಳಿ ಕೈಕಟ್ಟಿ ನಿಂತಿರುವ ಹುಡುಗ ಒಬ್ಬನಾದರೂ ಕಾಣಸಿಗುತ್ತಾನೆ.