ಕೂಸಿನ ಗಾಡಿಯಲ್ಲಿ ಕ್ಯಾಮೆರಾ: ಅರ್ಧ ಇಂಚಿನ ಟೇಪು ಮತ್ತು ಅಮೆರಿಕದ ಬಡ ಟಿ.ವಿ.ಯ ಚರಿತ್ರೆ

1970ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕಿನ ಜಾನ್ ಅಲ್ಪರ್ಟ್ ಮತ್ತು ಕೇಕೊ ತ್ಸುನೊ ದಂಪತಿ ಕ್ಯೂಬಾದಲ್ಲಿ ಚಿತ್ರೀಕರಣಕ್ಕೆ ತಿರುಗುವಾಗ ತಮ್ಮ ವಿಡಿಯೊ ಸಲಕರಣೆಯನ್ನು ಕೂಸಿನ ತಳ್ಳುಗಾಡಿಯಲ್ಲಿ ಹೇರಿಕೊಂಡಿದ್ದರು. ಹೊತ್ತು ತಿರುಗಲು ಅದು ಭಾರ, ಹೊರಲು ಆಳಿಡುವಷ್ಟು ಹಣ ಅವರಲ್ಲಿರಲಿಲ್ಲ. ಪತ್ರಕರ್ತರ ಗುಂಪಿನಲ್ಲಿ ಕೂಸಿಲ್ಲದ ಕೂಸಿನ ಗಾಡಿಯೊಂದನ್ನು ಕಂಡ ಫಿಡೆಲ್ ಕ್ಯಾಸ್ಟ್ರೋ ಇದೇನೆಂದು ನೋಡಲು ಅವರತ್ತ ಬಂದನೆಂದು ಅಲ್ಪರ್ಟ್ 2017ರ 'ಕ್ಯೂಬಾ ಆ್ಯಂಡ್ ದಿ ಕ್ಯಾಮೆರಾಮನ್' ಚಿತ್ರದಲ್ಲಿ ನೆನೆಯುತ್ತಾನೆ. ದೊಡ್ಡ ಟಿ.ವಿ. ಸಂಸ್ಥೆಗಳು ಅರ್ಜಿ ಹಾಕಿ ಕಾಯುತ್ತಿದ್ದ ಮನುಷ್ಯನ ಪರಿಚಯ ಇವರಿಗೆ ಹೀಗೆ ಗಾಡಿಯ ದೆಸೆಯಿಂದ ಆಯಿತು.

ಈ ಪ್ರಸಂಗವನ್ನು ಮಾಧ್ಯಮದ ಚರಿತ್ರೆ ಬರೆಯುವವರು ತಮಾಷೆಯ ಉಪಕಥೆಯಾಗಿ ಹೇಳಿ ಮುಂದೆ ಸಾಗುವುದುಂಟು. ನನಗೆ ಅದು ಉಪಕಥೆಯಾಗಿ ಕಾಣುವುದಿಲ್ಲ. 1968ರಿಂದ 1980ರವರೆಗಿನ ಅಮೆರಿಕದ ಅಗ್ಗದ ಟಿ.ವಿ.ಯನ್ನು ಕುರಿತ ಬಹುಪಾಲು ಬರಹಗಳು, ಜಪಾನಿನಿಂದ ಹೊಸ ಯಂತ್ರ ಬಂತು, ಜನರ ಕೈಗೆ ಟಿ.ವಿ. ಸಿಕ್ಕಿತು ಎಂಬ ಧಾಟಿಯಲ್ಲಿವೆ. ಯಂತ್ರ ಬಂದದ್ದು ನಿಜ. ಆದರೆ ಬಂದ ಯಂತ್ರದಿಂದ ಟಿ.ವಿ. ಪ್ರಸಾರ ಮಾಡಲು ಆಗುತ್ತಿರಲಿಲ್ಲ. ಅದಕ್ಕೆ ಗಾಡಿ, ಹಳೆಯ ಟಪಾಲು ಲಾರಿ, ಪರವಾನಗಿಯಿಲ್ಲದ ಪ್ರಸಾರಯಂತ್ರ ಎಲ್ಲವನ್ನೂ ಗಂಟು ಹಾಕಬೇಕಾಯಿತು. ಅಷ್ಟಾದ ಮೇಲೂ ಪ್ರಸಾರ ಸಂಸ್ಥೆಯ ಬಾಗಿಲಲ್ಲಿ ಎರಡು ಬೀಗಗಳಿದ್ದವು. ಒಂದು ತಾಂತ್ರಿಕ ಗುಣಮಟ್ಟದ್ದು, ಇನ್ನೊಂದು ಸಂಪಾದಕರ ಒಪ್ಪಿಗೆಯದು. ಮೊದಲನೆಯದು 1973ರಲ್ಲಿ ತೆರೆಯಿತು. ಎರಡನೆಯದರ ಕಥೆ ಬೇರೆ.

ಮೊದಲು ಯಂತ್ರವನ್ನೇ ನೋಡೋಣ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಆ್ಯಂಪೆಕ್ಸ್ ಕಂಪನಿ ಷಿಕಾಗೊ ನಗರದಲ್ಲಿ ಪ್ರದರ್ಶಿಸಿದ ವಿಡಿಯೊಟೇಪು ಯಂತ್ರಕ್ಕೆ ಬೆಲೆ ಸುಮಾರು 45,000 ಡಾಲರ್. ಎರಡು ಇಂಚು ಅಗಲದ ಟೇಪು, ಬೀರುಗಳಷ್ಟು ದೊಡ್ಡ ಯಂತ್ರಾಂಗ. ಅದು ಸ್ಟುಡಿಯೊ ಬಿಟ್ಟು ಕದಲುವಂಥದ್ದಲ್ಲ. ಹೊರಗಿನ ಸುದ್ದಿಗೆ 16 ಮಿ.ಮೀ. ಫಿಲ್ಮೇ ಗತಿ, ಅದನ್ನು ತೊಳೆಯುವವರೆಗೆ ಏನು ಸಿಕ್ಕಿದೆ ಎಂದು ಯಾರಿಗೂ ಗೊತ್ತಿಲ್ಲ. ಸೋನಿ ಕಂಪನಿ 1967ರಲ್ಲಿ ಹೊರತಂದ ಪೋರ್ಟಪ್ಯಾಕ್ ಇದಕ್ಕೆ ತೀರ ಬೇರೆ ಜಾತಿಯದು. ಅರ್ಧ ಇಂಚಿನ ಟೇಪು, ಹೆಗಲಿಗೆ ನೇತುಹಾಕುವ ಪೆಟ್ಟಿಗೆ, ಕೈಯಲ್ಲಿ ಹಿಡಿಯುವ ಕಪ್ಪುಬಿಳುಪು ಕ್ಯಾಮೆರಾ. ಆ ಮೊದಲ ಮಾದರಿ ಮುದ್ರಿಸುತ್ತಿತ್ತೇ ಹೊರತು ತೋರಿಸುತ್ತಿರಲಿಲ್ಲ, ಟೇಪನ್ನು ಹಿಂದಕ್ಕೆ ಸುತ್ತಲು ಕೈಹಿಡಿ ತಿರುಗಿಸಬೇಕಿತ್ತು. ನಂತರ ಬಂದ ಎವಿ-3400 ಮಾದರಿಯ ಬೆಲೆ ಸುಮಾರು 1,500 ಡಾಲರ್, ಪೆಟ್ಟಿಗೆಯ ತೂಕ ಎಂಟೊಂಬತ್ತು ಕಿಲೊ, ಒಂದು ಸುರುಳಿಗೆ ಅರ್ಧ ಗಂಟೆ. ಇದರಲ್ಲಿ ಅಲ್ಲೇ ತಿರುಗಿಸಿ ನೋಡಬಹುದಿತ್ತು. ನನ್ನ ಎಣಿಕೆಯಲ್ಲಿ ಬೆಲೆಗಿಂತ ಇದು ದೊಡ್ಡ ಬದಲಾವಣೆ. ಚಿತ್ರಕ್ಕೆ ಸಿಕ್ಕವರು ತಾವು ಹೇಗೆ ಕಂಡೆವೆಂದು ಆಗಲೇ ನೋಡಿ, ಬೇಡವೆಂದರೆ ಅಳಿಸಿ ಎನ್ನಬಹುದಿತ್ತು.

ಇಲ್ಲಿ ಒಂದು ದಂತಕಥೆಯನ್ನು ಬದಿಗಿಡಬೇಕು. ಕೊರಿಯಾ ಮೂಲದ ಕಲಾವಿದ ನಾಮ್ ಜುನ್ ಪೈಕ್ 1965ರ ಅಕ್ಟೋಬರ್ 4ರಂದು ಪೋಪ್ ನ್ಯೂಯಾರ್ಕಿಗೆ ಬಂದಾಗ ಟ್ಯಾಕ್ಸಿಯೊಳಗಿಂದ ಪೋರ್ಟಪ್ಯಾಕಿನಲ್ಲಿ ಚಿತ್ರಿಸಿ, ಅದೇ ರಾತ್ರಿ ಕೆಫೆಯೊಂದರಲ್ಲಿ ತೋರಿಸಿದನೆಂದೂ, ವಿಡಿಯೊ ಕಲೆ ಅಂದು ಹುಟ್ಟಿತೆಂದೂ ಪುಸ್ತಕದಿಂದ ಪುಸ್ತಕಕ್ಕೆ ಬಂದಿದೆ. ಹೆಗಲಿಗೇರುವ ಯಂತ್ರ ಮಾರುಕಟ್ಟೆಗೆ ಬಂದದ್ದೇ ಎರಡು ವರ್ಷದ ಮೇಲೆ. ಪೈಕ್ ಬಳಿ ಅಂದು ಸೋನಿಯ ಯಾವುದೋ ರೆಕಾರ್ಡರ್ ಇದ್ದಿರಬಹುದು, ಪೋರ್ಟಪ್ಯಾಕ್ ಮಾತ್ರ ಅಲ್ಲ. ಒಬ್ಬ ಕಲಾವಿದ, ಒಂದು ದಿನ, ಒಂದು ಯಂತ್ರ ಎಂದರೆ ಕಥೆ ಚೆನ್ನಾಗಿ ನಿಲ್ಲುತ್ತದೆ, ಅದಕ್ಕೇ ಇದು ಉಳಿದಿದೆ. ನಡೆದದ್ದು ಅಷ್ಟು ಚೊಕ್ಕವಲ್ಲ.

1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಡೇವಿಡ್ ಕಾರ್ಟ್ ಮತ್ತು ಪ್ಯಾರಿ ಟೀಸ್‌ಡೇಲ್ ಎಂಬಿಬ್ಬರು ತಂತಮ್ಮ ವಿಡಿಯೊ ಸಲಕರಣೆ ಹಿಡಿದು ಬಂದು ಪರಿಚಯವಾದರು. ವೇದಿಕೆಯ ಹಾಡುಗಾರರನ್ನು ಫಿಲ್ಮಿನವರು ನೋಡಿಕೊಳ್ಳುತ್ತಿದ್ದರು, ಇವರಿಗೆ ಸಿಕ್ಕಿದ್ದು ಕೆಸರಲ್ಲಿ ಕೂತ ಜನ. ಅದರಿಂದ ಹುಟ್ಟಿದ್ದು 'ವಿಡಿಯೊಫ್ರೀಕ್ಸ್' ಎಂಬ ತಂಡ. ಅದೇ ವರ್ಷ ಸಿಬಿಎಸ್ ಟಿ.ವಿ. ಸಂಸ್ಥೆಯ ಡಾನ್ ವೆಸ್ಟ್ ಎಂಬ ಅಧಿಕಾರಿ ಇವರಿಗೆ ಹಣ, ಸಲಕರಣೆ ಕೊಟ್ಟು ಹೊಸ ತಲೆಮಾರಿನ ಕುರಿತು ಮಾದರಿ ಕಾರ್ಯಕ್ರಮ ಮಾಡಿಸಿದ. ತಂಡ ದೇಶ ಸುತ್ತಿತು. ಷಿಕಾಗೊದಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಯುವನಾಯಕ ಫ್ರೆಡ್ ಹ್ಯಾಂಪ್ಟನ್‌ನನ್ನು ಮಾತಾಡಿಸಿತು. ಡಿಸೆಂಬರ್ 4ರಂದು ಪೊಲೀಸರು ಬೆಳಗಿನ ಜಾವ ಮನೆಗೆ ನುಗ್ಗಿ ಅವನನ್ನು ಗುಂಡಿಟ್ಟು ಕೊಂದರು. ಅದೇ ತಿಂಗಳು 'ಸಬ್ಜೆಕ್ಟ್ ಟು ಚೇಂಜ್' ಹೆಸರಿನ ಆ ಕಾರ್ಯಕ್ರಮವನ್ನು ಸಿಬಿಎಸ್ ಹಿರಿಯರು ನೋಡಿ ಬೇಡವೆಂದರು. ಇತಿಹಾಸಕಾರ್ತಿ ಡೀರ್ಡ್ರಿ ಬಾಯ್ಲ್ 1997ರಲ್ಲಿ ಈ ಚಳವಳಿಯ ಕುರಿತು ಬರೆದ ಪುಸ್ತಕಕ್ಕೂ ಇದೇ ಹೆಸರಿಟ್ಟಳು.

ದೊಡ್ಡಮನೆಯವರು ಬೇಡವೆಂದ ಮೇಲೆ ತಂಡ ಊರು ಬಿಟ್ಟಿತು. 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳ ನಡುವೆ ಲೇನ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಹಳೆಯ ವಸತಿಗೃಹವೊಂದನ್ನು ಹಿಡಿದು ಎಲ್ಲರೂ ಒಟ್ಟಿಗೆ ಇರತೊಡಗಿದರು. ಅವರ ಬಳಿ ಒಂದು ಸಣ್ಣ ಪ್ರಸಾರಯಂತ್ರವಿತ್ತು, ಅದಕ್ಕೆ ಹಣ ಕೊಟ್ಟವನು ಯಿಪ್ಪಿ ಚಳವಳಿಯ ಆ್ಯಬಿ ಹಾಫ್‌ಮನ್. ಬೆಟ್ಟದ ಸಂದಿಯಲ್ಲಿದ್ದ ಆ ಹಳ್ಳಿಗೆ ಪಟ್ಟಣದ ಟಿ.ವಿ. ಸರಿಯಾಗಿ ತಲುಪುತ್ತಿರಲಿಲ್ಲ. 1972ರ ಮಾರ್ಚ್‌ನಲ್ಲಿ 3ನೇ ಚಾನೆಲ್ಲಿನಲ್ಲಿ ಯಾರ ಪರವಾನಗಿಯೂ ಇಲ್ಲದೆ ಲೇನ್ಸ್‌ವಿಲ್ ಟಿ.ವಿ. ಶುರುವಾಯಿತು. ಸುಮಾರು ಐದು ವರ್ಷಗಳಲ್ಲಿ 258 ಪ್ರಸಾರಗಳು. ನೋಡುವವರು ನೇರ ಫೋನು ಮಾಡುತ್ತಿದ್ದರು, ಚಿತ್ರ ಬರುತ್ತಿದೆಯೇ ಇಲ್ಲವೇ ಎಂದು ಹೇಳುವುದೂ ಕಾರ್ಯಕ್ರಮದ ಭಾಗವೇ. ನೆರೆಹೊರೆಯ ರೈತರು, ಮಕ್ಕಳೇ ಪಾತ್ರಧಾರಿಗಳು. ಎದುರು ಮನೆಯವರ ಮುಖ ಟಿ.ವಿ.ಯಲ್ಲಿ ಕಾಣುವುದೇ ಸುದ್ದಿಯಾಗಿದ್ದ ಕಾಲ ಅದು.

ಪೋರ್ಟಪ್ಯಾಕಿನ ಚಿತ್ರ ಹಳ್ಳಿಗೆ ಸಾಕಾದರೂ ದೇಶಕ್ಕೆ ಏಕೆ ಸಾಲಲಿಲ್ಲ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂದಿನ ಅಮೆರಿಕದ ಟಿ.ವಿ. ಚಿತ್ರದಲ್ಲಿ 525 ಅಡ್ಡಗೆರೆಗಳು. ಪ್ರತಿ ಗೆರೆಯೂ ಗಡಿಯಾರ ಹಿಡಿದಂತೆ ತನ್ನ ಕ್ಷಣದಲ್ಲೇ ಆರಂಭವಾಗಬೇಕು. ಅಗ್ಗದ ಯಂತ್ರದಲ್ಲಿ ಟೇಪು ತುಸು ಎಳೆಯುತ್ತದೆ, ತುಸು ಸಡಿಲಾಗುತ್ತದೆ, ಮೋಟಾರು ತಡವರಿಸುತ್ತದೆ. ಆಗ ಗೆರೆಗಳ ಮೊದಲು ಹಿಂದುಮುಂದಾಗಿ ಚಿತ್ರದ ಮೇಲ್ಭಾಗ ಬಾವುಟದಂತೆ ಹೊರಳುತ್ತದೆ. ಮನೆಯ ಟಿ.ವಿ. ಇದನ್ನು ಹೇಗೋ ಸಹಿಸಿಕೊಳ್ಳುತ್ತಿತ್ತು. ಪ್ರಸಾರ ಕೇಂದ್ರದ ಯಂತ್ರಗಳು ಸಹಿಸುತ್ತಿರಲಿಲ್ಲ. ಎಂಜಿನಿಯರು 'ಪ್ರಸಾರಯೋಗ್ಯವಲ್ಲ' ಎಂದು ಬರೆದರೆ ಮುಗಿಯಿತು, ಒಳಗೆ ಏನಿದೆ ಎಂದು ಯಾರೂ ನೋಡಬೇಕಾಗಿರಲಿಲ್ಲ. ತಾಂತ್ರಿಕ ಮಾತಿನಲ್ಲಿ ಸುಳ್ಳಿರಲಿಲ್ಲ, ಆದರೆ ಅದು ಎಷ್ಟು ಅನುಕೂಲದ ಮಾತಾಗಿತ್ತೆಂಬುದನ್ನೂ ಗಮನಿಸಬೇಕು. ದಾರಿ ಹುಡುಕಿದವರು ಟಿ.ವಿ. ಪರದೆಯ ಮೇಲೆ ಟೇಪನ್ನು ಓಡಿಸಿ, ಅದರ ಮುಂದೆ ಒಳ್ಳೆಯ ಕ್ಯಾಮೆರಾ ಇಟ್ಟು ಮತ್ತೆ ಚಿತ್ರಿಸುತ್ತಿದ್ದರು. ಗೆರೆಗಳು ನೆಟ್ಟಗಾಗುತ್ತಿದ್ದವು, ಮುಖಗಳು ಮಸುಕಾಗುತ್ತಿದ್ದವು.

ಸಂಕಲನದ ಪಾಡೂ ಅಷ್ಟೇ. ಎರಡು ರೆಕಾರ್ಡರುಗಳನ್ನು ಪಕ್ಕಪಕ್ಕ ಇಟ್ಟು, ಟೇಪುಗಳನ್ನು ಕೈಯಿಂದ ಇಷ್ಟೇ ಸೆಕೆಂಡು ಹಿಂದಕ್ಕೆ ಸುತ್ತಿ, ಒಂದೇ ಬಾರಿಗೆ ಎರಡನ್ನೂ ಬಿಟ್ಟು, ಸರಿಯಾದ ಗಳಿಗೆಗೆ ಗುಂಡಿ ಒತ್ತಬೇಕು. ತಪ್ಪಿದರೆ ಮೊದಲಿನಿಂದ. ಆ ಕಾಲದ ವಿಡಿಯೊಗಳಲ್ಲಿ ಉದ್ದುದ್ದ ದೃಶ್ಯಗಳು ಕತ್ತರಿಯಿಲ್ಲದೆ ಹರಿಯುವುದನ್ನು ವಿಮರ್ಶಕರು ಹೊಸ ಸೌಂದರ್ಯಪ್ರಜ್ಞೆ ಎಂದು ಹೊಗಳಿದ್ದಾರೆ. ಕತ್ತರಿಸುವುದು ಅಷ್ಟು ಪೀಕಲಾಟವಾಗಿತ್ತೆಂಬುದು ಆ ಪ್ರಜ್ಞೆಯ ಒಂದು ಮೂಲ.

1973ರಲ್ಲಿ ಕನ್ಸಾಲಿಡೇಟೆಡ್ ವಿಡಿಯೊ ಸಿಸ್ಟಮ್ಸ್ ಎಂಬ ಕಂಪನಿ 'ಟೈಮ್ ಬೇಸ್ ಕರೆಕ್ಟರ್' ಎಂಬ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಅಡ್ಡಾದಿಡ್ಡಿ ಬರುವ ಗೆರೆಗಳನ್ನು ಅಂಕಿಗಳಾಗಿ ಮಾಡಿ ಕ್ಷಣಕಾಲ ಹಿಡಿದಿಟ್ಟು, ಗಡಿಯಾರದ ಲೆಕ್ಕಕ್ಕೆ ಸರಿಯಾಗಿ ಹೊರಬಿಡುವುದು ಅದರ ಕೆಲಸ. ಟಿವಿಟಿವಿ ಎಂಬ ತಂಡ 1972ರ ರಾಜಕೀಯ ಪಕ್ಷಗಳ ಸಮಾವೇಶಗಳನ್ನು ಪೋರ್ಟಪ್ಯಾಕಿನಲ್ಲೇ ಚಿತ್ರಿಸಿ, ವೇದಿಕೆಯ ಬದಲು ಸುದ್ದಿಗಾರರ ಕಡೆಗೇ ಕ್ಯಾಮೆರಾ ತಿರುಗಿಸಿ ಹೆಸರು ಮಾಡಿತ್ತು. ಆದರೆ ಅದು ಕೇಬಲ್ಲಿನಲ್ಲಿ. ಹೊಸ ಪೆಟ್ಟಿಗೆಯ ನೆರವಿನಿಂದ 1974ರಲ್ಲಿ ಅವರ 'ಲಾರ್ಡ್ ಆಫ್ ದಿ ಯೂನಿವರ್ಸ್' ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಪಿಬಿಎಸ್ ಮೂಲಕ ದೇಶದಾದ್ಯಂತ ಕಂಡಿತು. ವಿಷಯ, ಹ್ಯೂಸ್ಟನ್ ಕ್ರೀಡಾಂಗಣದಲ್ಲಿ 1973ರ ನವೆಂಬರಿನಲ್ಲಿ ಭಾರತದ ಬಾಲಗುರು ಮಹಾರಾಜ್‌ಜಿಯ ಅಮೆರಿಕನ್ ಭಕ್ತರು ನಡೆಸಿದ ಉತ್ಸವ. ಮೊದಲ ಬೀಗ ತೆರೆದದ್ದು ಹೀಗೆ.

ಅಲ್ಪರ್ಟ್ ಮತ್ತು ತ್ಸುನೊ ಈ ಗುಂಪಿನಲ್ಲಿ ಬೇರೆ ಥರದವರು. ಸಿದ್ಧಾಂತದ ಪುಸ್ತಕ ಅವರು ಬರೆಯಲಿಲ್ಲ. ಅಲ್ಪರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ, ಚಾಲಕರ ಸಂಘದ ಜಗಳಕ್ಕಾಗಿ ವಿಡಿಯೊ ಹಿಡಿದವನು. 1972ರಲ್ಲಿ ಇಬ್ಬರೂ ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ಡೌನ್‌ಟೌನ್ ಕಮ್ಯುನಿಟಿ ಟೆಲಿವಿಷನ್ ಎಂಬ ಕೇಂದ್ರ ತೆರೆದರು. ಐದು ಡಾಲರಿಗೆ ಹಳೆಯ ಟಪಾಲು ಲಾರಿಯೊಂದನ್ನು ಕೊಂಡು, ಅದರ ಮೈಗೆ ಟಿ.ವಿ.ಗಳನ್ನು ಕೂರಿಸಿ, ಬೀದಿ ಮೂಲೆಯಲ್ಲಿ ನಿಲ್ಲಿಸಿ ತಮ್ಮ ಟೇಪುಗಳನ್ನು ತೋರಿಸುತ್ತಿದ್ದರು. ಆಸ್ಪತ್ರೆ, ಶಾಲೆ, ಬಾಡಿಗೆ ಮನೆ ಇವೇ ವಿಷಯಗಳು. ಬೇಸರವಾದ ಕ್ಷಣ ಜನ ಎದ್ದು ಹೋಗುತ್ತಿದ್ದರು, ಕೂತಿದ್ದರೆ ತಾನೆ ಏಳುವುದು, ನಿಂತವರು ನಡೆದೇ ಬಿಡುತ್ತಿದ್ದರು. ಯಾವ ದೃಶ್ಯ ಬಿಡಬೇಕು, ಯಾವುದು ಇರಬೇಕು ಎಂಬುದನ್ನು ಅವರು ಕಲಿತದ್ದು ಆ ಪಾದಚಾರಿಗಳ ಬೆನ್ನು ನೋಡಿ. ಬಯಲಾಟದವರಿಗೆ ಈ ಪಾಠ ಹೊಸದಲ್ಲ.

ಈ ಬೀದಿಯ ಅಭ್ಯಾಸವೇ ಕ್ಯೂಬಾಕ್ಕೂ ಹೋಯಿತು. 1974ರ 'ಕ್ಯೂಬಾ: ದಿ ಪೀಪಲ್' ಅರ್ಧ ಇಂಚಿನ ಬಣ್ಣದ ಟೇಪಿನಲ್ಲಿ ಮಾಡಿ ಅಮೆರಿಕದಲ್ಲಿ ಪ್ರಸಾರವಾದ ಮೊದಲ ಸಾಕ್ಷ್ಯಚಿತ್ರ. ಅಮೆರಿಕನ್ನರು ಕ್ಯೂಬಾಕ್ಕೆ ಹೋಗುವುದನ್ನೇ ಅವರ ಸರ್ಕಾರ ತಡೆದಿದ್ದ ವರ್ಷಗಳವು. ಚಿತ್ರದಲ್ಲಿ ಜನ ಮನೆ ತೋರಿಸುತ್ತಾರೆ, ಸಂಬಳ ಹೇಳುತ್ತಾರೆ, ದೂರುತ್ತಾರೆ. ಕ್ಯಾಮೆರಾಕ್ಕೂ ರೆಕಾರ್ಡರಿಗೂ ನಡುವೆ ಕೇಬಲ್ಲು ಇದ್ದುದರಿಂದ ಇಬ್ಬರು ಕೆಲಸ ಮಾಡುವಾಗ ಹಗ್ಗ ಕಟ್ಟಿದ ಎತ್ತುಗಳಂತೆ ಜೊತೆಯಾಗಿಯೇ ಸಾಗಬೇಕು. ಟೈ ಕಟ್ಟಿದ ವರದಿಗಾರನಿಗೆ, ಧ್ವನಿಯವನಿಗೆ, ದೀಪದವನಿಗೆ ಅಲ್ಲಿ ಜಾಗವೇ ಇರಲಿಲ್ಲ. ತಂಡ ಸಣ್ಣದಾದಷ್ಟೂ ಎದುರಿನವರ ಸಂಕೋಚ ಸಣ್ಣದಾಗುತ್ತದೆ. ಕೂಸಿನ ಗಾಡಿ ತಳ್ಳಿಕೊಂಡು ಬಂದವರನ್ನು ಕಂಡು ಹೆದರುವವರು ಯಾರು?

ಅದೇ ದಶಕದ ಕೊನೆಗೆ ಯುದ್ಧಾನಂತರದ ವಿಯೆಟ್ನಾಮಿಗೆ ಹೋಗಲು ಇವರಿಗೆ ಅವಕಾಶ ಸಿಕ್ಕಿತು. 1979ರಲ್ಲಿ ಕ್ಯಾಸ್ಟ್ರೋ ವಿಶ್ವಸಂಸ್ಥೆಯಲ್ಲಿ ಮಾತಾಡಲು ನ್ಯೂಯಾರ್ಕಿಗೆ ಹೊರಟಾಗ ಅಲ್ಪರ್ಟ್ ಅದೇ ವಿಮಾನದಲ್ಲಿದ್ದ. ಗುಂಡು ತಡೆಯುವ ಅಂಗಿ ತೊಟ್ಟಿದ್ದೀರಾ ಎಂಬ ಮಾತು ಬಂದಾಗ ಕ್ಯಾಸ್ಟ್ರೋ ಅಂಗಿಯ ಗುಂಡಿ ಬಿಚ್ಚಿ ಬರಿ ಎದೆ ತೋರಿಸಿದ್ದು ಆ ಟೇಪಿನಲ್ಲಿದೆ.

ಇದೇ ಹೊತ್ತಿನ ನಮ್ಮ ಕಥೆಯನ್ನು ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. 1975ರ ಆಗಸ್ಟ್ 1ರಿಂದ ಒಂದು ವರ್ಷ ಭಾರತದಲ್ಲಿ ನಡೆದ ಸೈಟ್ ಎಂಬ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಅವುಗಳಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳೂ ಇದ್ದವು. ಅಲ್ಲಿ ನೆಟ್ಟ ಆ್ಯಂಟೆನಾ ಸುಮಾರು ಮೂರು ಮೀಟರ್ ಅಗಲದ್ದು, ಕೋಳಿಗೂಡಿಗೆ ಹೊಡೆಯುವ ತಂತಿಬಲೆಯಿಂದ ಮಾಡಿದ್ದು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಇಲ್ಲಿ ಇದ್ದುದರಲ್ಲೇ ಹೊಂದಿಸಿದ ಜಾಣತನ ನೋಡುವವರ ತುದಿಯಲ್ಲಿತ್ತು, ಕಾರ್ಯಕ್ರಮ ಮಾಡುವ ತುದಿ ದೂರದಲ್ಲಿತ್ತು. ನ್ಯೂಯಾರ್ಕಿನಲ್ಲಿ ಅದು ಮಾಡುವವರ ಕೈಯಲ್ಲಿತ್ತು, ತಲುಪಿಸುವ ದಾರಿ ಅವರದಾಗಿರಲಿಲ್ಲ. ಎರಡೂ ತುದಿಯನ್ನು ಒಂದೇ ಕೈಯಲ್ಲಿ ಹಿಡಿದದ್ದು ಬಹುಶಃ ಲೇನ್ಸ್‌ವಿಲ್ ಒಂದೇ, ಅದೂ ಕಾನೂನಿನ ಕಣ್ಣು ತಪ್ಪಿಸಿ.

ಎರಡನೆಯ ಬೀಗಕ್ಕೆ ಬರೋಣ. 1979ರಿಂದ ಅಲ್ಪರ್ಟ್ ಎನ್‌ಬಿಸಿ ಸುದ್ದಿವಿಭಾಗಕ್ಕೆ ಬಿಡಿ ವರದಿಗಾರನಾಗಿ ಕೆಲಸ ಮಾಡಿದ. ಚಿತ್ರದ ಗುಣಮಟ್ಟದ ತಕರಾರು ಆ ಹೊತ್ತಿಗೆ ಹಳೆಯ ಕಥೆಯಾಗಿತ್ತು. 1991ರ ಕೊಲ್ಲಿ ಯುದ್ಧದ ನಡುವೆ ಇರಾಕಿಗೆ ಹೋಗಿ, ಬಾಂಬು ಬಿದ್ದು ನಾಗರಿಕರು ಸತ್ತ, ಮನೆ ಕಳೆದುಕೊಂಡ ದೃಶ್ಯಗಳನ್ನು ತಂದಾಗ ಎನ್‌ಬಿಸಿ ಅದನ್ನು ತೋರಿಸಲಿಲ್ಲ. ಆ ಸಂಸ್ಥೆಯೊಡನೆ ಅವನ ನಂಟೂ ಅಲ್ಲಿಗೇ ಕಡಿಯಿತು. ಈ ಬಾರಿ ಯಾರೂ ಗೆರೆಗಳು ಹೊರಳುತ್ತಿವೆ ಎನ್ನಲಿಲ್ಲ.

ಉಳಿದದ್ದು ಟೇಪುಗಳ ಮಾತು. ವಿಡಿಯೊಫ್ರೀಕ್ಸ್ ಸಂಗ್ರಹ ಈಗ ಷಿಕಾಗೊದ ವಿಡಿಯೊ ಡೇಟಾ ಬ್ಯಾಂಕಿನಲ್ಲಿದೆ. 1970ರ ದಶಕದ ಟೇಪುಗಳಲ್ಲಿ ಕಾಂತಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಕುಡಿದು ಜಿಗುಟಾಗುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಕಿರುಗುಟ್ಟಿ ನಿಲ್ಲುತ್ತದೆ, ಪುಡಿ ಉದುರುತ್ತದೆ. ಆದ್ದರಿಂದ ಮೊದಲು ಅದನ್ನು ಐವತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಬೇಕು. ಪ್ರಯೋಗಾಲಯದ ಒಲೆ ದುಬಾರಿ. ಹಾಗಾಗಿ ಈ ಕೆಲಸ ಮಾಡುವವರಲ್ಲಿ ಅನೇಕರು ಅಡುಗೆಮನೆಯಲ್ಲಿ ಹಣ್ಣು, ತರಕಾರಿ ಒಣಗಿಸುವ ವಿದ್ಯುತ್ ಪೆಟ್ಟಿಗೆ ಕೊಂಡು, ಅದರ ತಟ್ಟೆಗಳ ನಡುಭಾಗ ಕತ್ತರಿಸಿ, ಸುರುಳಿ ಕೂರುವಷ್ಟು ಜಾಗ ಮಾಡಿಕೊಳ್ಳುತ್ತಾರೆ.