ಗಾರ್ಡನ್ ರೀಚ್‌ನ ಎರಡು ಹೆಸರುಗಳು

1856ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವಧ್‌ನ ನವಾಬ ವಾಜಿದ್ ಅಲಿ ಶಾಹ್‌ನನ್ನು ಗದ್ದುಗೆಯಿಂದ ಇಳಿಸಿತು. ಲಖನೌ ಬಿಟ್ಟ ನವಾಬ ಬಂದು ನೆಲೆಸಿದ್ದು ಕೊಲ್ಕತ್ತಾದ ಹೂಗ್ಲಿ ದಂಡೆಯ ಮಟಿಯಾಬುರ್ಜ್‌ನಲ್ಲಿ. ಅವನ ಜೊತೆ ಅಡುಗೆಯವರು, ಹಾಡುಗಾರರು, ದರ್ಜಿಗಳೂ ಬಂದರು. ಪಕ್ಕದಲ್ಲೇ ಗಾರ್ಡನ್ ರೀಚ್, ಖಿದಿರ್‌ಪುರದ ಹಡಗುಕಟ್ಟೆಗಳು ಬೆಳೆದವು. ಕೂಲಿ ಹುಡುಕಿಕೊಂಡು ಬಂದವರಿಂದ ಇಕ್ಕಟ್ಟಾದ ಬಸ್ತಿಗಳು ತುಂಬಿದವು. ಬಂದರು ಇದ್ದಲ್ಲಿ ದುಡಿಮೆಯೂ ಉಂಟು, ಕಳ್ಳಸಾಗಣೆಯೂ ಉಂಟು.

1984ರಲ್ಲಿ ಈ ಪ್ರದೇಶ ಕೊಲ್ಕತ್ತಾ ಪೊಲೀಸ್‌ನ ಬಂದರು ವಿಭಾಗದಲ್ಲಿತ್ತು. ಅದರ ಡೆಪ್ಯುಟಿ ಕಮಿಷನರ್ ವಿನೋದ್ ಕುಮಾರ್ ಮೆಹ್ತಾ ಎಂಬ ಐಪಿಎಸ್ ಅಧಿಕಾರಿ. ಅವರ ಅಂಗರಕ್ಷಕ ಮೊಖ್ತಾರ್ ಅಲಿ. ಮಾರ್ಚ್ 18, ಭಾನುವಾರ, ಹೋಳಿಯ ಹೊತ್ತು. ಗಾರ್ಡನ್ ರೀಚ್‌ನಲ್ಲಿ ಕೋಮು ಉದ್ವಿಗ್ನತೆ ಹಬ್ಬಿತ್ತು. ಗಲಭೆ ತಡೆಯಲು ಹೋದ ಮೆಹ್ತಾ ಓಣಿಗಳ ನಡುವೆ ತಮ್ಮ ಪಡೆಯಿಂದ ಬೇರೆಯಾದರು. ಗುಂಪು ಅವರನ್ನು ಬರ್ಬರವಾಗಿ ಕೊಂದಿತು. ಮೊಖ್ತಾರ್ ಅಲಿಯನ್ನೂ ಬಿಡಲಿಲ್ಲ.

ಈ ಘಟನೆಯನ್ನು ಕೆಲವರು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಮುಸ್ಲಿಂ ಬಸ್ತಿಯಲ್ಲಿ ಹಿಂದೂ ಅಧಿಕಾರಿಯ ಕೊಲೆ, ಅಷ್ಟೇ ಅಂತ. ಹಾಗೆ ಹೇಳಬೇಕಾದರೆ ಮೊಖ್ತಾರ್ ಅಲಿಯ ಹೆಸರನ್ನು ಅಳಿಸಲೇಬೇಕು. ಅಲ್ಲಿ ಸತ್ತವರು ಇಬ್ಬರು ಪೊಲೀಸರು, ಒಬ್ಬ ಹಿಂದೂ, ಇನ್ನೊಬ್ಬ ಮುಸ್ಲಿಂ. ಕೊಂದವರಿಗೆ ಇಬ್ಬರ ಮೇಲೂ ಕರುಣೆ ಇರಲಿಲ್ಲ.

ಆದರೆ ಈ ಮಾತು ನಮ್ಮವರಿಗೂ ಅನ್ವಯಿಸುತ್ತದೆ. ಆರೋಪಿಗಳಲ್ಲಿ ಮುಸ್ಲಿಮರಿದ್ದರು. ಹೆಸರು ನಮ್ಮದು ಅನ್ನುವ ಒಂದೇ ಕಾರಣಕ್ಕೆ ಕೊಲೆಗಾರನ ಪರ ನೆಪ ಹುಡುಕುವುದು ನಮಗೆ ಶೋಭೆಯಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಮಾನತ್ ಅಂದರೇನು ಅಂತ ಹೇಳಿಕೊಡುತ್ತೇವೆ: ನಂಬಿ ಒಪ್ಪಿಸಿದ್ದನ್ನು ಕಾಪಾಡುವುದು. ಮೊಖ್ತಾರ್ ಅಲಿಗೆ ಒಪ್ಪಿಸಿದ್ದು ಇನ್ನೊಬ್ಬ ಮನುಷ್ಯನ ಜೀವ. ಆ ಕೆಲಸದಲ್ಲೇ ಆತ ತನ್ನ ಜೀವ ಕಳೆದುಕೊಂಡ. ಅಮಾನತ್‌ಗೆ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮುಖ್ಯ ಆರೋಪಿಯೊಬ್ಬ ಲಾಲ್‌ಬಜಾರ್‌ನ ಪೊಲೀಸ್ ಕೇಂದ್ರ ಕಚೇರಿಯಲ್ಲಿ, ಪೊಲೀಸರ ವಶದಲ್ಲಿದ್ದಾಗಲೇ ಸತ್ತ. ನ್ಯಾಯಾಲಯದಲ್ಲಿ ಹೊರಬರಬೇಕಿದ್ದ ಎಷ್ಟೋ ಸಂಗತಿಗಳು ಅವನೊಂದಿಗೇ ಹೋದವು. ಹಿಂದೆ ನಿಂತವರು ಯಾರು ಎಂಬ ಪ್ರಶ್ನೆಯನ್ನು ಬಂಗಾಳ ವರ್ಷಗಟ್ಟಲೆ ಕೇಳುತ್ತಲೇ ಇತ್ತು. ಪೊಲೀಸರ ಹತ್ಯೆಯನ್ನು ಖಂಡಿಸುವವನು ಲಾಕಪ್ ಸಾವನ್ನೂ ಖಂಡಿಸಬೇಕು. ಎರಡೂ ಕಾನೂನಿನ ಸಾವೇ.

1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ 10 ಪೊಲೀಸರು ಬಲಿಯಾದರು. ಅಂದಿನಿಂದ ಆ ದಿನ ಪೊಲೀಸ್ ಹುತಾತ್ಮರ ದಿನ. ಬೆಂಗಳೂರಿನಲ್ಲೂ, ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಆ ಬೆಳಿಗ್ಗೆ ವರ್ಷದಲ್ಲಿ ಸತ್ತ ಪೊಲೀಸರ ಹೆಸರುಗಳನ್ನು ಓದುತ್ತಾರೆ. ಆ ಪಟ್ಟಿಯಲ್ಲಿ ದೊಡ್ಡ ಅಧಿಕಾರಿಗೂ ಪೇದೆಗೂ ಒಂದೊಂದೇ ಸಾಲು. ಜನರ ನೆನಪು ಮಾತ್ರ ಅಷ್ಟು ಸಮವಲ್ಲ, ದರ್ಜೆ ನೋಡಿ ಜಾಗ ಕೊಡುತ್ತದೆ.

ಹಾಗಾಗಿ ವಿದ್ಯಾರ್ಥಿಗಳಲ್ಲಿ ಒಂದು ಮಾತು. ವಿನೋದ್ ಮೆಹ್ತಾ ಅವರ ಬಗ್ಗೆ ಬರೆದರೆ, ಓದಿದರೆ, ಮೊಖ್ತಾರ್ ಅಲಿಯ ಹೆಸರನ್ನೂ ಪಕ್ಕದಲ್ಲೇ ಬರೆಯಿರಿ. ಮೊಖ್ತಾರ್ ಅಲಿಯ ಬಗ್ಗೆ ಹೆಮ್ಮೆಪಟ್ಟರೆ, ಮೆಹ್ತಾ ಅವರನ್ನು ಮರೆಯಬೇಡಿ.